ಎರಡು ಬಸಾಪುರ, ಒಂದು ಮೊದಲ ಪತ್ರಿಕೆ

ಬೆಳಿಗ್ಗೆ ಬಳ್ಳಾರಿಯಲ್ಲಿ ಸಿರುಗುಪ್ಪದ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಮಗಳು ಸುಧಾಳ ಮದುವೆಯ ಪತ್ರಿಕೆಗಳಿದ್ದವು. ಮೇಲಿನದಕ್ಕೆ ಮಾತ್ರ ಮೂಲೆಗೆ ಅರಿಷಿಣ ಹಚ್ಚಿದ್ದೆ. ಮೊದಲ ಪತ್ರಿಕೆ ಮನೆದೇವರಿಗೆ, ಬಸಾಪುರದ ದುರ್ಗಮ್ಮನಿಗೆ. ಅಲ್ಲಿಯವರೆಗೆ ನೆಂಟರಿಗೆ ಒಂದೂ ಹಂಚಕೂಡದೆಂದು ಅತ್ತೆಯ ಕಟ್ಟಪ್ಪಣೆ. ಮದುವೆ ಮುಂದಿನ ವಾರವೇ. ದಾರಿ ಬಲ್ಲ ಮಾವ ಈಗಿಲ್ಲ.

ಹೆಂಗಸರಾದ್ದರಿಂದ ಟಿಕೆಟ್ಟಿಗೆ ದುಡ್ಡು ಕೊಡಬೇಕಿರಲಿಲ್ಲ. ಅರ್ಧ ದಾರಿಯವರೆಗೆ ಸೀಟೂ ಇರಲಿಲ್ಲ. ಮದುವೆ ಮುಗಿದ ಬೆನ್ನಿಗೇ ಪರೀಕ್ಷೆಯೆಂದು ಸುಧಾ ನಿಂತುಕೊಂಡೇ ಇತಿಹಾಸ ಓದುತ್ತಿದ್ದಳು.

"ಅಮ್ಮಾ, ಗ್ರೀಸಿನಾಗ ಪೈಲೋಸ್ ಅಂತ ಮೂರು ಊರಿದ್ವಂತ. ಅಲ್ಲಿನ ಹಳೇ ಕಥಿಯೊಳಗ ಬರೋ ಒಬ್ಬ ಮುದಿರಾಜ ನಮ್ಮೂರವನ ಅಂತ ಮೂರೂ ಊರಿನವರು ಜಗಳಾಡ್ತಿದ್ರಂತ."

"ಬ್ಯಾರೆ ಹೆಸರ ಸಿಗಲಿಲ್ಲೇನು ಅವರಿಗೆ?"

"ಊರು ಬಿಟ್ಟವರು ಹೆಸರು ಕಟಗೊಂಡ ಹೋಗ್ತಾರವ್ವ."

ಸಿರುಗುಪ್ಪದಿಂದ ಆಟೊ ಹಿಡಿದು ಭತ್ತದ ಗದ್ದೆಗಳ ನಡುವೆ ಬಸಾಪುರ ಸೇರಿದೆವು. ದೇವಿಯ ಮುಂದೆ ಪತ್ರಿಕೆ ಇಟ್ಟು ಕಾಯಿ ಒಡೆಸಿದ ಮೇಲೆ ಪೂಜಾರಿ ನಮ್ಮ ಬೆಡಗು, ಅಂದರೆ ಮನೆತನದ ಹೆಸರು ಕೇಳಿದ.

"ಆ ಬೆಡಗಿನವರು ಇಲ್ಲಿಗೆ ನಡಕೊಳ್ಳಾದಿಲ್ಲರಿ, ಅವರ ಮನಿದೇವ್ರು ಈಕಿ ಅಲ್ಲ. ಕುರುಗೋಡು ಕಡಿ ಇನ್ನೊಂದು ಬಸಾಪುರ ಐತಿ. ಅಲ್ಲೂ ದುರ್ಗಮ್ಮನ."

ಅತ್ತೆ ಬಸಾಪುರ ಎಂದಿದ್ದರು. ನಾನು ಬಲ್ಲದ್ದು ಇದೊಂದೇ. ದೇವಿಗೆ ಇಟ್ಟ ಪತ್ರಿಕೆ ಹಿಂದಕ್ಕೆ ತೆಗೆಯುವ ಹಾಗಿಲ್ಲ. ಮನೆದೇವರಿಗೆ ಎರಡನೆಯ ಕರೆ ಆಯಿತಲ್ಲ! ಸಿರುಗುಪ್ಪಕ್ಕೆ ಮರಳಿದೆವು. ಬಸ್‌ಸ್ಟ್ಯಾಂಡಿನಲ್ಲಿ ಮಗಳು ತಂದ ಮಂಡಕ್ಕಿ, ಮಿರ್ಚಿ ಬದಿಗಿಟ್ಟೆ. ಇನ್ನೊಂದು ಪತ್ರಿಕೆಗೆ ಅರಿಷಿಣ ಹಚ್ಚುತ್ತ ಕೂತೆ.

"ಪೈಲೋಸಿನಂಗ ಮೂರನೇದೂ ಇದ್ರ?" ಎಂದಳು ಸುಧಾ.

"ಸುಮ್ಮನ ಕುಂದ್ರಲೇ."

ಕುರುಗೋಡಿನ ಬಂಡೆಗುಡ್ಡ ಕಾಣುವಾಗ ಬಿಸಿಲು ಇಳಿದಿತ್ತು. ಆ ಬಸಾಪುರದ ಗುಡಿಯಲ್ಲಿ ಪೂಜೆ ಮಾಡುವ ಅಜ್ಜಿ ನಮ್ಮ ಬೆಡಗು ಕೇಳಿದ್ದೇ ಮಾವನ ಹೆಸರು ತಾನೇ ಹೇಳಿದಳು. ಸರಿಯಾದ ಊರು ಇದೇ. ಬೆಳಗಿನದೆಲ್ಲ ತಿಳಿಸಿ, ತಾಯಿ ಮುನಿಸಿಕೊಂಡಾಳೇ ಎಂದು ಕೇಳಿದೆ.

"ಆಕಿ ಅಕ್ಕ, ಈಕಿ ತಂಗಿ. ಅಕ್ಕನ್ನ ಮೊದಲ ಊಟಕ್ಕ ಕುಂದ್ರಿಸಿದ್ರ ತಂಗಿಗೇನ ಸಿಟ್ಟು?"

"ಆ ಊರಿನವರು ತಮ್ಮಾಕಿನ ತಂಗಿ ಅಂದ್ರ?" ಸುಧಾ ಬಿಡಲಿಲ್ಲ.

"ಅಂತಾರ. ನಾನು ದೊಡ್ಡಾಕಿ ಅಂತ ಒಪ್ಪೋ ಹೆಣ್ಣು ಯಾವ ಊರಾಗ ಐತಿ?"

ಅಜ್ಜಿ ಪತ್ರಿಕೆಯನ್ನು ದೇವಿಯ ಪಾದಕ್ಕಿಟ್ಟು ಮಗಳ ಉಡಿ ತುಂಬಿದಳು. ಇನ್ನು ಹಂಚಬಹುದು. ಮೂರನೆಯ ಪತ್ರಿಕೆಯನ್ನು ಅಜ್ಜಿಯ ಕೈಗೇ ಕೊಟ್ಟೆ. ಕಣ್ಣಿಗೊತ್ತಿಕೊಂಡು, ಸುಧಾಳಿಂದ ಕಲ್ಯಾಣಮಂಟಪದ ಹೆಸರು ಓದಿಸಿಕೊಂಡಳು.

"ಬರ್ತೀನಿ ಬಿಡು ತಾಯಿ. ಈ ಹೆಸರಿನ ಮಂಟಪ ಬಳ್ಳಾರ್ಯಾಗ ಒಂದ ಐತಿಲ್ಲ?"

ಒಂದೇ ಎಂದೆ. ಬಸ್ಸು ಬಳ್ಳಾರಿ ಮುಟ್ಟುವವರೆಗೂ, ಆ ಹೆಸರಿನ ಮಂಟಪ ಇನ್ನೊಂದು ಇಲ್ಲವಷ್ಟೇ ಎಂದು ಸುಧಾಳನ್ನು ಕೇಳುತ್ತಲೇ ಇದ್ದೆ.