ಎರಡು ಗೋಲು ಮುಂದಿದ್ದಾಗ

ನನ್ನ ಅತ್ತೆ ಜನ್ಮದಲ್ಲಿ ಚೆಂಡು ಒದ್ದವರಲ್ಲ. ಆದರೂ ಮೊಬೈಲಿನ ಆಟವೊಂದರಲ್ಲಿ ಅವರದೊಂದು ಫುಟ್‌ಬಾಲ್ ತಂಡವಿದೆ. ಆಟಗಾರರನ್ನು ಆರಿಸುವುದು, ತರಬೇತಿ ಕೊಡಿಸುವುದು, ಯಾರನ್ನು ಯಾವಾಗ ಮೈದಾನಕ್ಕೆ ಇಳಿಸಬೇಕೆಂದು ತೀರ್ಮಾನಿಸುವುದು ಅವರ ಕೆಲಸ. ಎದುರಾಳಿಗಳು ಎಲ್ಲೆಲ್ಲೋ ಕೂತ ಅಪರಿಚಿತರು. ನಮ್ಮ ಹೊಲಿಗೆ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಇದೇ ಧ್ಯಾನ. ಉಳಿದವರು ಹೆಸರಾಂತ ಆಟಗಾರರ ಹಿಂದೆ ಬಿದ್ದರೆ, ಇವರು ಯಾರೂ ಮೂಸಿ ನೋಡದ ಎಳೆಯರನ್ನು ತಂದು ಬೆಳೆಸುತ್ತಿದ್ದರು. ಅವರಲ್ಲೊಬ್ಬ ಸಣಕಲನಿಗೆ ‘ಕಡ್ಡಿ’ ಎಂದು ಹೆಸರಿಟ್ಟಿದ್ದರು.

“ಕಡ್ಡೀನ ಯಾವಾಗ ಆಡಿಸ್ತೀರಾ ಅತ್ತೆ? ಬೆಂಚಲ್ಲೇ ಬೇರು ಬಿಡ್ತಾನೆ ಪಾಪ,” ಎಂದು ಕೆಣಕಿದ್ದೆ.

“ಎರಡು ಗೋಲು ಮುಂದಿರ್ಲಿ, ಇಳಿಸ್ತೀನಿ. ಆಗ ಅವನು ತಪ್ಪು ಮಾಡಿದ್ರೂ ಏನೂ ಮುಳುಗಿ ಹೋಗಲ್ಲ. ಹೆದರ್ಕೊಂಡು ಆಡೋನು ಏನು ಕಲೀತಾನೆ?”

ಆ ವರ್ಷ ಅತ್ತೆಯ ಕೈ ನಡುಗತೊಡಗಿತು. ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವರು ಅವರೊಬ್ಬರೇ. ಹೊಲಿಗೆಯಲ್ಲಿ ನಾನು ಎತ್ತಿದ ಕೈ. ಕತ್ತರಿ ಹಿಡಿದರೆ ಮಾತ್ರ ಪುಕ್ಕಲಿ. ನಾನು ಕಲಿಯದಿದ್ದರೆ ಅಂಗಡಿಗೆ ಬೀಗ ಬೀಳುವುದು ಖಂಡಿತವಾಗಿತ್ತು.

ಒಂದು ಬೆಳಿಗ್ಗೆ ಅತ್ತೆ, ಪಕ್ಕದ ಬೀದಿಯ ಮೇಷ್ಟ್ರು ಕೋಟಿಗೆಂದು ಕೊಟ್ಟಿದ್ದ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ನಡುಗುವ ಕೈಯಲ್ಲೇ ಕತ್ತರಿಯನ್ನು ನನ್ನತ್ತ ಚಾಚಿದರು. ಇಸಿದುಕೊಂಡು ಕತ್ತರಿಸತೊಡಗಿದೆ. ಬೆನ್ನಿನ ಭಾಗ ಸೀಮೆಸುಣ್ಣದ ಗೆರೆಯ ಮೇಲೇ ಬಂತು. ಮುಂಭಾಗದಲ್ಲಿ, ತೋಳು ಕೂರುವ ಕಡೆ, ಕತ್ತರಿ ಗೆರೆ ದಾಟಿ ಒಳಕ್ಕೆ ನುಗ್ಗಿತು.

“ಹಾಳು ಮಾಡ್ಬಿಟ್ಟೆ ಅತ್ತೆ!” ಎಂದು ಅತ್ತೇಬಿಟ್ಟೆ.

ಅತ್ತೆ ಬೈಯಲಿಲ್ಲ. ಬೀರು ತೆಗೆದು ಅದೇ ಬಟ್ಟೆಯ ಇನ್ನೊಂದು ತುಂಡು ತಂದಿಟ್ಟರು. ಮೇಷ್ಟ್ರು ಬಂದುಹೋದ ದಿನವೇ ಅಂಗಡಿ ಅಂಗಡಿ ಸುತ್ತಿ ಕೊಂಡಿದ್ದರಂತೆ.

“ಎರಡು ಗೋಲು ಮುಂದಿಟ್ಕೊಂಡೇ ನಿನ್ನ ಇಳಿಸಿದ್ದು ಕಣೆ. ಕಣ್ಣೊರೆಸ್ಕೊ, ಕತ್ತರಿಸು.”

ನಾನು ಎಡವುತ್ತೇನೆಂದು ಗೊತ್ತಿದ್ದೂ ನನ್ನ ಕೈಗೆ ಕತ್ತರಿ ಕೊಟ್ಟರಲ್ಲ, ಆ ಋಣ ತೀರುವಂಥದ್ದಲ್ಲ; ತೀರಿಸಿ ಮುಗಿಸುವ ಆಸೆಯೂ ನನಗಿಲ್ಲ. ಮೇಷ್ಟ್ರ ಕೋಟು ಮೈಗೆ ಅಚ್ಚುಕಟ್ಟಾಗಿ ಕೂತಿತು. ನಾನು ಕೆಡಿಸಿದ ಬಟ್ಟೆಯಲ್ಲಿ ಅತ್ತೆಗೊಂದು ತೋಳಿಲ್ಲದ ಕೋಟು ಹೊಲಿದುಕೊಟ್ಟೆ. ಪಂದ್ಯವಿದ್ದಾಗಲೆಲ್ಲ ಅದನ್ನೇ ತೊಟ್ಟು ಕೂರುತ್ತಾರೆ.

ಈಗ ಅವರ ಬೆರಳು ಮೊಬೈಲಿನ ಮೇಲೂ ನಿಲ್ಲುವುದಿಲ್ಲ. ಅವರು ಹೇಳಿದಂತೆ ನಾನೇ ಒತ್ತುತ್ತೇನೆ. ಕಡ್ಡಿ ಈಗ ತಂಡದ ನಾಯಕ. ನಿನ್ನೆ ನಾವು ಎರಡು ಗೋಲು ಮುಂದಿದ್ದೆವು. ಅತ್ತೆ ಬಾಯಿ ತೆರೆಯುವ ಮೊದಲೇ ಕಡ್ಡಿಯನ್ನು ಹೊರಗೆ ಕರೆದು, ಹೊಸ ಹುಡುಗನನ್ನು ಇಳಿಸಿದೆ.