ಪತ್ರ ಓದಿ ಬಾಯಿ ಮುಕ್ಕಳಿಸುತ್ತಿದ್ದವರು

ನಮ್ಮ ಹಿರಿಯ ಮಾಸ್ತರರ ಬಿಳಿ ಮೀಸೆಯ ತುದಿಯಲ್ಲಿ ಯಾವಾಗ ನೋಡಿದರೂ ಒಂದು ಹನಿ ನೀರು ಜೋತಾಡುತ್ತಿತ್ತು. ಅಂಗಿಯ ಎದೆ ಅಂಗೈಯಗಲ ಒದ್ದೆ. ಮುದುಕರಿಗೆ ಜೊಲ್ಲು ಸುರಿಯುವ ರೋಗವಿರಬೇಕೆಂದು ಮೊದಲ ದಿನ ನಾನು ಹೆಂಡತಿಯ ಮುಂದೆ ಹೇಳಿ ನಕ್ಕಿದ್ದೆ.

ಮುರಗೋಡದಿಂದ ಯರಗಟ್ಟಿಗೆ ಹೋಗುವ ದಾರಿಯಿಂದ ಒಳಗೆ ಸರಿದ ಊರು ಅದು. ಸಾಲೆಗೆ ಎರಡನೆಯ ಮಾಸ್ತರನಾಗಿ ನಾನು ಹೋದಾಗ ನನಗೆ ಮೂವತ್ತು ವರ್ಷ. ಊರಿನ ಟಪಾಲೂ ಹಿರಿಯ ಮಾಸ್ತರರ ಕೈಯಲ್ಲೇ ಇತ್ತು. ಸಾಲೆಯ ಪಡಸಾಲೆಯೇ ಪೋಸ್ಟು. ಅಕ್ಷರ ಬಲ್ಲವರು ನಾಲ್ಕೈದು ಮಂದಿ. ಉಳಿದವರಿಗೆ ಬಂದ ಪತ್ರವನ್ನು ಅವರೇ ಓದಿ ಹೇಳಬೇಕು. ಓದಿ ಮುಗಿದದ್ದೇ ತಡ, ಪಕ್ಕದ ತಂಬಿಗೆ ಎತ್ತಿ ಬಾಯಿ ಮುಕ್ಕಳಿಸಿ ಅಂಗಳದ ನುಗ್ಗೆಗಿಡದ ಬುಡಕ್ಕೆ ಉಗುಳುತ್ತಿದ್ದರು. ದಿನಕ್ಕೆ ಎಂಟು ಪತ್ರವಾದರೆ ಎಂಟು ಸಲ.

ಯಾಕೆಂದು ಕೇಳಿದೆ.

“ಮಂದಿ ಮನಿ ಮಾತು ನಮ್ಮ ಬಾಯಾಗ ಉಳೀಬಾರದ್ರಿ ಮಾಸ್ತರ. ಉಳಿದ್ರ ಒಂದಿನ ಹೊರಗ ಬರತದ.”

ಆ ಗಿಡ ಸೊಂಪಾಗಿ ಕಾಯಿ ಬಿಡುತ್ತಿತ್ತು. ಅದರ ಸಾರು ಉಂಡರೆ ಊರಿನ ಸುದ್ದಿಯೆಲ್ಲ ತಿಳಿಯುತ್ತದೆಂದು ನನ್ನ ಹೆಂಡತಿ ಚೇಷ್ಟೆ ಮಾಡುತ್ತಿದ್ದಳು.

ಕಾಲ ಕೆಟ್ಟದ್ದು ಮೆಲ್ಲಗೆ. ಪುಣೆಯ ಕಡೆ ಪತ್ರಿಕೆ ಬರೆದವರನ್ನೂ ಅಚ್ಚು ಹಾಕಿದವರನ್ನೂ ಇಂಗ್ರಜಿ ಸರಕಾರ ಹಿಡಿಯುತ್ತಿದೆಯೆಂದು ಸುದ್ದಿ ಬಂತು. ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ ವಾರಕ್ಕೊಮ್ಮೆ ಒಬ್ಬರು ಪತ್ರಿಕೆ ಓದಿ ಹತ್ತು ಜನ ಕೇಳುವ ರೂಢಿಯಿತ್ತು; ಅದು ನಿಂತಿತು. ಯಾರ ಮನೆಯಲ್ಲಿ ಯಾವ ಬೀಗರು ಎಷ್ಟು ದಿನ ಉಳಿದರೆಂದು ಪೊಲೀಸ ಪಾಟೀಲ ಬರೆದಿಡಬೇಕಾಯಿತು. ಯರಗಟ್ಟಿ ಸಂತೆಯಲ್ಲಿ ಅಪರಿಚಿತ ಯಾರಾದರೂ ಬೆಲ್ಲದ ದರ ಕೇಳಿದರೆ ಮಾರುವವನೇ ಹೆದರುವನು. ನಾನಂತೂ ಸರಕಾರದ ಅನ್ನ ತಿನ್ನುವವ, ಹುಟ್ಟಾ ಪುಕ್ಕಲ. ಉಪ್ಪಿನಕಾಯಿ ಭರಣಿಯ ಕೆಳಗೆ ಹಾಸಿದ್ದ ಹಳೆಯ ಪತ್ರಿಕೆಯನ್ನು ಎಳೆದು ಒಲೆಗೆ ಹಾಕಿದೆ.

“ಯಾಕ್ರಿ, ಭರಣಿ ಪೇಪರ ಓದತದೇನು?” ಎಂದಳು ಹೆಂಡತಿ.

ಪತ್ತಾರರ ಮನೆಯಲ್ಲಿ ಒಬ್ಬ ವಿಧವೆ ತಾಯಿ. ಮಗ ಪುಣೆಯ ಛಾಪಖಾನೆಯೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುವವ. ಒಂದು ಮಂಗಳವಾರ ಅವನ ಪತ್ರ ಬಂತು. ಛಾಪಖಾನೆಗೆ ಬೀಗ ಬಿದ್ದಿದೆ, ಸವದತ್ತಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದೇನೆ, ಯಾರಿಗೂ ಹೇಳಬೇಡ ಎಂದು ಬರೆದಿದ್ದ. ಮಾಸ್ತರರು ದನಿ ಇಳಿಸಿಯೇ ಓದಿದರು. ಗೋಡೆಯ ಈಚೆ ಮಕ್ಕಳ ಪಾಟಿ ತಿದ್ದುತ್ತಿದ್ದ ನನ್ನ ಕಿವಿಗೂ ಬಿತ್ತು. ಅವರು ಮುಕ್ಕಳಿಸಿದರು. ನಾನು ಮುಕ್ಕಳಿಸಲಿಲ್ಲ.

ಗುರುವಾರ ಪೊಲೀಸ ಫೌಜದಾರ ಬಂದ. ಯಾರಿಗೆ ಎಲ್ಲಿಂದ ಪತ್ರ ಬರುತ್ತದೆ, ಒಳಗೆ ಏನಿರುತ್ತದೆ ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಬೇಕೆಂದು ಮಾಸ್ತರರಿಗೆ ಹೇಳಿದ.

“ಪತ್ರ ಮುಟ್ಟಸೂದು ನನ್ನ ಕೆಲಸ ಸಾಹೇಬ್ರ. ಓದಿದ್ದು ನನ್ನ ಬಾಯಾಗಿಲ್ಲ. ಬೇಕಾದ್ರ ಆ ನುಗ್ಗೀಗಿಡಾ ಕೇಳ್ರಿ.”

ಫೌಜದಾರ ಸಿಟ್ಟಾಗಲಿಲ್ಲ, ನಕ್ಕ. ಹೊರಡುವಾಗ ನನ್ನನ್ನು ಬಾವಿಯವರೆಗೆ ಜೊತೆಗೆ ಕರೆದ. ನನ್ನ ಊರು, ಮನೆತನ ವಿಚಾರಿಸಿದ. ಇಂಥ ಜಾಣ ಮಾಸ್ತರ ಧಾರವಾಡದಲ್ಲಿರಬೇಕು, ಒಂದು ಮಾತು ಹಾಕುತ್ತೇನೆ ಎಂದ. ನಾನು ಹಿಗ್ಗಿ ಹೀರೇಕಾಯಿಯಾದೆ. ಆಮೇಲೆ ಅವನು ಬಾವಿಯಲ್ಲಿ ಇಣುಕುತ್ತ, ಪತ್ತಾರರ ಹುಡುಗ ಆರಾಮವೋ ಎಂದು ಕೇಳಿದ, ನೆಂಟರನ್ನು ಕೇಳುವ ಹಾಗೆ.

“ಆರಾಮ ಇದ್ದಾನ್ರಿ. ಸವದತ್ತ್ಯಾಗ ಸೋದರತ್ತಿ ಮನ್ಯಾಗ ಇದ್ದಾನ,” ಎಂದೆ.

ನನ್ನನ್ನು ಯಾರೂ ಹೊಡೆಯಲಿಲ್ಲ, ಹೆದರಿಸಲಿಲ್ಲ. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಒಬ್ಬ ಮನುಷ್ಯ ಹೆಗಲ ಮೇಲೆ ಕೈಯಿಟ್ಟ, ಅಷ್ಟೇ.

ಶನಿವಾರ ಹುಡುಗನನ್ನು ಹಿಡಿದರು. ಸೋಮವಾರ ತಾಯಿ ಸಾಲೆಗೆ ಬಂದಳು. ಮೆಟ್ಟಿಲು ಹತ್ತಲಿಲ್ಲ.

“ಯಪ್ಪಾ, ಆ ಪತ್ರ ನಿಮಗ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ,” ಎಂದಳು.

ಮಾಸ್ತರರು ಒಂದೇ ಸಲ ನನ್ನ ಕಡೆ ನೋಡಿದರು. ನಾನು ಪಾಟಿ ನೋಡುತ್ತ ಕುಳಿತೆ.

“ನನ್ನ ಪಡಸಾಲ್ಯಾಗ ಓದಿದ್ದು ತಂಗಿ. ತಪ್ಪು ನಂದ,” ಎಂದರು ಅವರು.

ಅಲ್ಲಿಂದ ಯಾರೂ ಪತ್ರ ಓದಿಸಲು ಬರಲಿಲ್ಲ. ಕೆಲವರು ಮುರಗೋಡಕ್ಕೆ ನಡೆದು ಹೋಗಿ ಓದಿಸಿದರು. ಒಬ್ಬ ರೈತ ಮಗಳ ಊರಿನಿಂದ ಬಂದ ಪತ್ರವನ್ನು ಒಡೆಯದೆ ಜಂತಿಗೆ ಸಿಕ್ಕಿಸಿಟ್ಟ. ಅವಳಿಗೆ ಬೇನೆಯೆಂದು ಅದರಲ್ಲಿ ಬರೆದದ್ದು ಅವಳು ಸತ್ತ ಮೇಲೆ ತಿಳಿಯಿತು. ಮಾಸ್ತರರ ಮೀಸೆ ಒಣಗಿತು. ಅವರು ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಒಮ್ಮೆ ಮಾತ್ರ, ಜನ ಅವರನ್ನು ಕಂಡು ಕಟ್ಟೆಯಿಂದ ಎದ್ದು ಹೋದಾಗ, ನನಗೆ ಹೇಳಿದರು:

“ಕಿತ್ತೂರ ಕ್ವಾಟಿ ಬಿದ್ದದ್ದು ಕಣ್ಣಿಗೆ ಕಾಣತದ್ರಿ. ಮಂದಿ ನಂಬಿಗಿ ಬೀಳೂದು ಕಾಣಂಗಿಲ್ಲ.”

ಹುಡುಗ ಒಂದೂವರೆ ವರ್ಷಕ್ಕೆ ಬಿಡುಗಡೆಯಾದ. ಊರಿಗೆ ಬರದೆ, ಇಂಗ್ರಜಿ ಪೊಲೀಸರ ಕೈ ಅಷ್ಟಾಗಿ ಎಟುಕದ ರಾಮದುರ್ಗ ಸಂಸ್ಥಾನದ ಹದ್ದಿಗೆ ಹೋಗಿ ನಿಂತ. ಧಾರವಾಡಕ್ಕೆ ವರ್ಗ ನನಗೆ ಬರಲಿಲ್ಲ. ಮಾಸ್ತರರು ಪಿಂಚಣಿಯಾಗಿ ಊರಲ್ಲೇ ಉಳಿದರು. ಕಣ್ಣಿಗೆ ಪೊರೆ ಬಂದು ಎರಡೂ ಕತ್ತಲಾದವು. ಟಪಾಲು ನನ್ನ ಕೈಗೆ ಬಂತು. ತಂಬಿಗೆಯೂ ಬಂತು. ಆರು ವರ್ಷ ನನ್ನ ತಪ್ಪಿನ ಬಗ್ಗೆ ನಾನು ಬಾಯಿ ಬಿಡಲಿಲ್ಲ.

ಅವರು ಹಾಸಿಗೆ ಹಿಡಿದರೆಂದು ತಿಳಿದ ಮೇಲೆ ಪತ್ತಾರರ ತಾಯಿಗೆ ಒಂದು ಪತ್ರ ಬರೆದೆ. ಬಾವಿಯ ಹತ್ತಿರ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆದೆ. ಮೊದಲು ಮಾಸ್ತರರ ಹಾಸಿಗೆಯ ಪಕ್ಕ ಕುಳಿತು ಅವರಿಗೇ ಓದಿದೆ. ಮುಗಿದ ಮೇಲೆ ರೂಢಿಯಂತೆ ನನ್ನ ಕೈ ತಂಬಿಗೆಗೆ ಹೋಯಿತು. ಸಪ್ಪಳ ಅವರಿಗೆ ಕೇಳಿಸಿತು.

“ಮುಕ್ಕಳಿಸಬ್ಯಾಡ್ರಿ ಮಾಸ್ತರ. ಇದು ನಿಮ್ಮ ಮಾತು.” ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಅಂದರು, “ಆಕಿಗೆ ಓದಲಿಕ್ಕೆ ಬರಂಗಿಲ್ಲ. ನೀವೇ ಓದಬೇಕು.”

ನಾಲ್ಕು ದಿನಕ್ಕೆ ತೀರಿಕೊಂಡರು. ಸುಡುಗಾಡಿಗೆ ಬಂದವರು ಬೆರಳೆಣಿಕೆಯಷ್ಟು.

ಮರುದಿನ ನಾನು ಪತ್ತಾರರ ಮನೆಗೆ ಹೋದೆ. ಆಕೆ ಜೋಳ ಹಸನು ಮಾಡುತ್ತಿದ್ದಳು. ಓದಿದೆ. ಮುಗಿಯುವವರೆಗೂ ಮೊರ ನೆಲಕ್ಕಿಡಲಿಲ್ಲ, ಕೇರಲೂ ಇಲ್ಲ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

“ಇನ್ನೊಮ್ಮಿ ಓದ್ರಿ,” ಎಂದಳು. “ಇಲ್ಲಿ ಅಲ್ಲ. ಕಟ್ಟಿ ಮ್ಯಾಲ. ಎಲ್ಲಾರೂ ಕೇಳಲಿ.”

ಆಕೆ ಮುಂದೆ, ನಾನು ಹಿಂದೆ. ಕಟ್ಟೆಯ ಮೇಲೆ ಪೊಲೀಸ ಪಾಟೀಲನೂ ಕುಳಿತಿದ್ದ. ನಾನು ಕಾಗದ ಬಿಚ್ಚಿದೆ. ಪತ್ರಿಕೆ ನಿಂತ ಮೇಲೆ ಆ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿದ ಮೊದಲ ಕಾಗದ ಅದು.