ಹೊರಗೆ ಹಿಡಿಕೆ ಇಲ್ಲದ ಬಾಗಿಲು

ಮೊನ್ನೆ ಗಬ್ಬೂರ ಬೈಪಾಸಿನ ಹತ್ತಿರ ಹೊಸ ಸಭಾಭವನವೊಂದರ ತುರ್ತು ಬಾಗಿಲು ನೋಡಲು ಹೋಗಿದ್ದೆ. ಅಲ್ಲಿಯ ಕಾವಲುಗಾರ ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಆ ವಾಸನೆ ಬಡಿದದ್ದೇ ತಡ, ಚಾಚಿ ನೆನಪಾದಳು...

ನನ್ನ ಹಾರ್ಡ್‌ವೇರ್ ಅಂಗಡಿಯ ಬಾಗಿಲಿನ ಕೆಲಸವನ್ನೆಲ್ಲ ಮಾಡುತ್ತಿದ್ದ ಮಿಸ್ತ್ರಿಯ ಹೆಂಡತಿ ಅವಳು. ವಾತದಿಂದ ಬೆರಳುಗಳು ಮಡಚಿಕೊಂಡಿದ್ದವು. ಸದಾ ನೀಲಗಿರಿ ಎಣ್ಣೆಯ ವಾಸನೆ. ಒಮ್ಮೆ ಅಡುಗೆಮನೆಯಲ್ಲಿ ಬಾಣಲೆಗೆ ಬೆಂಕಿ ಹತ್ತಿದಾಗ ಬಾಗಿಲಿನ ಗುಂಡು ಹಿಡಿಕೆಯನ್ನು ಆ ಬೆರಳುಗಳಿಂದ ತಿರುಗಿಸಲಾಗಲಿಲ್ಲ. ಗಂಡ ಓಡಿಬಂದು ತೆಗೆಯುವಷ್ಟರಲ್ಲಿ ಹೊಗೆಯಲ್ಲಿ ಅರೆಜೀವವಾಗಿದ್ದಳು. ಮನೆಯ ಹಿಡಿಕೆಗಳನ್ನೆಲ್ಲ ಬದಲಿಸಿಕೊಟ್ಟೆ, ಮೊಣಕೈಯಿಂದ ಒತ್ತಿದರೂ ತೆರೆಯುವಂಥವು. ಆದರೂ ಜನ ತುಂಬಿದ ಕಡೆ ಹೋಗುವುದನ್ನು ಅವಳು ಬಿಟ್ಟೇಬಿಟ್ಟಳು. ಮದುವೆಗೂ ಇಲ್ಲ.

ಅಷ್ಟರಲ್ಲಿ ಅವಳ ತಂಗಿಯ ಮಗಳ ಮದುವೆ ದೇಶಪಾಂಡೆ ನಗರದ ಸಭಾಭವನದಲ್ಲಿ ಗೊತ್ತಾಯಿತು. ಎತ್ತಿ ಆಡಿಸಿದ ಹುಡುಗಿ. ಅದೇ ಭವನದ ಹಿಂಬಾಗಿಲಿಗೆ ನಾವು ಪ್ಯಾನಿಕ್ ಬಾರ್ ಕೂಡಿಸಿದ್ದೆವು: ಸೊಂಟದೆತ್ತರಕ್ಕೆ ಅಡ್ಡಪಟ್ಟಿ, ಮೈಯಿಂದ ತಳ್ಳಿದರೂ ಬಾಗಿಲು ಹೊರಕ್ಕೆ ತೆರೆಯುತ್ತದೆ.

"ನಾನ ತಳ್ಳಿ ನೋಡ್ತೀನಿ ತಮ್ಮಾ. ತೆರದ್ರ ಮದವಿಗೆ ಬರ್ತೀನಿ, ಇಲ್ಲಂದ್ರ ಇಲ್ಲ," ಅಂದಳು.

ಕರೆದುಕೊಂಡು ಹೋದೆವು. ಕೈ ತಾಗಿಸಬಾರದೆಂದು ಅಲ್ಲಿಯದೇ ಊಟದ ತಟ್ಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ಸೊಂಟದಿಂದ ಪಟ್ಟಿ ಒತ್ತಿದಳು. ಬಾಗಿಲು ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಮುಖ ಬಿಳುಚಿತು... ನೋಡಿದರೆ ಮೇಲೆ ಹೊಸದೊಂದು ಚಿಲಕ!

"ಚಪ್ಪಲಿ ಕಳ್ಳರ ಕಾಟಾರೀ, ಅದಕ ಹಾಕಿಸೇನಿ," ಎಂದರು ಭವನದ ಮಾಲಕರು, ಹತ್ತಿ ವ್ಯಾಪಾರದ ಸಾವಕಾರರು.

"ಸಾವ್ಕಾರ್ರ, ಬೆಂಕಿ ಹತ್ತಿದಾಗ ಚಪ್ಪಲಿ ಯಾರು ಹುಡಕ್ತಾರ್ರಿ? ನನ್ನ ಊಟ ರಸ್ತಾದಾಗ ಕಳಿಸಿಬಿಡ್ರಿ, ನಾ ಒಳಗ ಬರಂಗಿಲ್ಲ." ನಗುತ್ತಲೇ ಅಂದಳು. ತಟ್ಟೆಯನ್ನು ಅವರ ಕೈಗೇ ಕೊಟ್ಟಳು.

ನಾನು ವ್ಯಾಪಾರಸ್ಥ; ಸಾವಕಾರರೊಡನೆ ವಾದ ಮಾಡಿ ಉಪಯೋಗವಿಲ್ಲ, ಸೌದಾ ಮಾಡಬೇಕು. "ಚಿಲಕ ತಗಸ್ರಿ, ಹೊರಗಿನ ಹಿಡಿಕಿ ನಾ ತಗೀತೀನಿ. ಬರೇ ನುಣುಪು ತಗಡು. ಹಿಡಕೊಳ್ಳಾಕ ಏನೂ ಇಲ್ಲಂದ್ರ ಕಳ್ಳ ಹೆಂಗ ಎಳೀತಾನ್ರಿ?"

ಸಾವಕಾರರು ಗದ್ದ ಕೆರೆದುಕೊಂಡರು. "ಭಾಳ ಪಕ್ಕಾ ಅದೀಯಪಾ... ಆತು, ತಗಿ."

ಮಿಸ್ತ್ರಿ ಅಲ್ಲೇ ಎರಡನ್ನೂ ಬಿಚ್ಚಿದ. ಚಾಚಿ ಮತ್ತೆ ಸೊಂಟ ಕೊಟ್ಟಳು. ಖಟಕ್! ಬಿಸಿಲು ಒಳಗೆ ಬಿತ್ತು, ಅವಳು ಹೊರಗೆ ಹೋದಳು, ಬಾಗಿಲು ತಾನೇ ಮುಚ್ಚಿಕೊಂಡಿತು. ಆಮೇಲೆ ಹೊರಗಿನಿಂದ ನಗು.

"ಏ ತಮ್ಮಾ, ಈಗ ಒಳಗ ಹೆಂಗ ಬರಲೋ?"

ಸಾವಕಾರರೇ ಹೋಗಿ ತೆರೆದರು. ಮದುವೆಯ ದಿನ ಚಾಚಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ಅಂದಿನಿಂದ ನಮ್ಮ ಪ್ರತಿ ಬಾಗಿಲಿಗೂ ಅವಳದೇ ಪರೀಕ್ಷೆ. "ಬರೇ ಚಾದ ಮ್ಯಾಲೆ ಮುಗಸಬ್ಯಾಡ, ಚುರಮರಿ ಗಿರಮಿಟ್ ತರಸು," ಎಂಬ ಕರಾರು ಬೇರೆ. ಗಿರಾಕಿಗಳು ನನ್ನ ಮಾತು ನಂಬದಿದ್ದರೂ ಅವಳ ಸೊಂಟವನ್ನು ನಂಬುತ್ತಿದ್ದರು.

ನೀವೂ ಅಷ್ಟೇ, ಸಭಾಭವನ ಗೊತ್ತುಮಾಡುವಾಗ ಬರೀ ಊಟದ ದರಕ್ಕೆ ಜಗ್ಗಾಡಬೇಡಿ. ಹಿಂಬಾಗಿಲನ್ನು ಕೈ ಹಚ್ಚದೆ ಮೈಯಿಂದ ತಳ್ಳಿ ನೋಡಿ. ಮೇಲೆ ಕೆಳಗೆ ಚಿಲಕ, ಸರಪಳಿ ಏನಾದರೂ ಕಂಡರೆ ತೆಗೆಸಿಯೇ ಮುಂಗಡ ಕೊಡಿ.

ಚಾಚಿ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಗಬ್ಬೂರಿನಲ್ಲಿ ಮೊನ್ನೆ ನಾನೇ ಬೆರಳು ಮಡಚಿ, ಸೊಂಟದಿಂದ ಪಟ್ಟಿ ಒತ್ತಿದೆ. ಖಟಕ್ ಎಂದು ಸಲೀಸಾಗಿ ತೆರೆಯಿತು. ಹೊರಗೆ ಲಾರಿಗಳ ಸದ್ದು. ಬಾಗಿಲು ಮುಚ್ಚಿಕೊಳ್ಳದಂತೆ ಹಿಡಿದು, ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ...

ಯಾರೂ ಒಳಗೆ ಬರಲಿಲ್ಲ.